100 ವ್ಯಾಟ್ ಬೇಡ, ಮಿಡ್ ಬೇಕು: ಹೆವಿ ಮ್ಯೂಸಿಕ್‌ಗೆ ಆಂಪ್ ಆರಿಸುವ, ಟ್ಯೂನ್ ಮಾಡುವ ಬಗ್ಗೆ

ಪ್ರಶ್ನೆ: ನಮ್ಮೂರು ಮೂಡಿಗೆರೆ ಹತ್ತಿರ. ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ನಾಲ್ಕು ಜನ ಸೇರಿ ಬ್ಯಾಂಡ್ ಕಟ್ಟಿದ್ದೇವೆ, ನುಡಿಸುವುದು ಥ್ರ್ಯಾಶ್ ಮತ್ತು ಡೆತ್ ಮೆಟಲ್. ನನ್ನ ಹತ್ತಿರ ಹಂಬಕರ್ ಗಿಟಾರ್, 6 ಇಂಚಿನ ಸ್ಪೀಕರ್ ಇರುವ 10 ವ್ಯಾಟ್ ಆಂಪ್ (ಆಂಪ್ಲಿಫೈಯರ್), ಸೌಂಡ್ ಒರಟಾಗಿಸುವ ಒಂದು ಡಿಸ್ಟಾರ್ಷನ್ ಪೆಡಲ್ ಇವೆ. ರೂಮಿನಲ್ಲಿ ಒಬ್ಬನೇ ನುಡಿಸಿದಾಗ ಸೌಂಡ್ ಭಯಂಕರವಾಗಿದೆ. ಡ್ರಮ್ಸ್ ಶುರುವಾದರೆ ನನಗೇ ನನ್ನ ಗಿಟಾರ್ ಕೇಳಲ್ಲ. ಬೆಂಗಳೂರಿನಲ್ಲಿ ಒಬ್ಬರು 100 ವ್ಯಾಟ್‌ನ ಹಳೇ ಟ್ಯೂಬ್ ಹೆಡ್ (ವ್ಯಾಕ್ಯೂಮ್ ಟ್ಯೂಬ್‌ನ, ಸ್ಪೀಕರ್ ಇಲ್ಲದ ಆಂಪ್) ಮಾರುತ್ತಿದ್ದಾರೆ. ನನ್ನ ಬಜೆಟ್ 30 ಸಾವಿರ. ಸ್ವಲ್ಪ ಸಾಲ ಮಾಡಿಯಾದರೂ ಅದನ್ನು ತಗೊಳ್ಳಲಾ? ರಜೆಯಲ್ಲಿ ಪ್ರಾಕ್ಟೀಸ್ ನಡೆಯುವುದು ನಮ್ಮ ತೋಟದ ಕಾಫಿ ಗೋದಾಮಿನಲ್ಲಿ.

ಉತ್ತರ: ತಗೋಬೇಡಿ. ಸಾಲ ಮಾಡಿ ಅಂತೂ ಬೇಡವೇ ಬೇಡ. ಆ ಹೆಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಿಮ್ಮ ತೊಂದರೆ ವ್ಯಾಟ್‌ನದ್ದಲ್ಲ. ಅರ್ಧ ತೊಂದರೆ ನಾಬ್‌ಗಳಲ್ಲಿದೆ, ಇನ್ನರ್ಧ ಸ್ಪೀಕರ್‌ನಲ್ಲಿದೆ. ನಾಬ್ ತಿರುಗಿಸುವುದಕ್ಕೆ ದುಡ್ಡು ಬೇಡ, ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಒಂದು ಊಹೆ ಹೇಳುತ್ತೇನೆ, ಸರಿನಾ ನೋಡಿ. ನಿಮ್ಮ ಪೆಡಲ್‌ನ ಡಿಸ್ಟಾರ್ಷನ್ ನಾಬ್ ಪೂರ್ತಿ ಬಲಕ್ಕಿದೆ. ಬೇಸ್ (ತಗ್ಗಿನ ಸ್ವರ) ಮುಕ್ಕಾಲು, ಟ್ರೆಬಲ್ (ಮೇಲಿನ ಸ್ವರ) ಮುಕ್ಕಾಲು, ಮಿಡ್ (ನಡುವಿನ ಸ್ವರ) ಸೊನ್ನೆಯ ಹತ್ತಿರ. ಹೌದಲ್ವಾ? ಮೆಟಲ್ ನುಡಿಸಲು ಶುರು ಮಾಡಿದ ಹುಡುಗರಲ್ಲಿ ಬಹುತೇಕ ಎಲ್ಲರ ಪೆಡಲ್ಲೂ ಹೀಗೇ ಇರುತ್ತದೆ. ಕಾರಣವೂ ಇದೆ. ಕಡಿಮೆ ವಾಲ್ಯೂಮ್‌ನಲ್ಲಿ ನಮ್ಮ ಕಿವಿಗೆ ತಗ್ಗಿನ ಸ್ವರ, ತೀರಾ ಮೇಲಿನ ಸ್ವರ ಎರಡೂ ಕಮ್ಮಿ ಕೇಳುತ್ತವೆ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಅನ್ನುವ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದ್ದಾರೆ. ಹಾಸ್ಟೆಲ್ ರೂಮಿನಲ್ಲಿ ಮೆಲ್ಲಗೆ ನುಡಿಸುವಾಗ ಬೇಸ್ ಮತ್ತು ಟ್ರೆಬಲ್ ಏರಿಸಿದರೆ ಹಿತವಾಗಿರುತ್ತದೆ. ಅದೇ ಸೆಟ್ಟಿಂಗ್ ಇಟ್ಟುಕೊಂಡು ಬ್ಯಾಂಡ್ ಜೊತೆ ಜೋರಾಗಿ ನುಡಿಸಿದರೆ ಎಡವಟ್ಟಾಗುತ್ತದೆ.

ಯಾಕೆ ಅಂತ ನೋಡಿ. ಗಿಟಾರ್‌ನ ದಪ್ಪ ಇ ತಂತಿ ಸುಮಾರು 82 ಹರ್ಟ್ಜ್. ಬೇಸ್ ಗಿಟಾರ್‌ನ ಇ ತಂತಿ 41. ಕಿಕ್ ಡ್ರಮ್‌ನ ಗುದ್ದು ಇರುವುದೂ ಆ ತಳದಲ್ಲೇ. ಮೇಲ್ಗಡೆ ಸಿಂಬಲ್‌ಗಳ ಚರಚರ ತುಂಬಿಕೊಂಡಿರುತ್ತದೆ. ಗಿಟಾರ್‌ಗೆ ಅಂತ ಉಳಿಯುವ ಜಾಗ ಮಧ್ಯದ್ದು, ಸುಮಾರು 400 ಹರ್ಟ್ಜ್‌ನಿಂದ 2-3 ಸಾವಿರ ಹರ್ಟ್ಜ್‌ವರೆಗೆ. ಮಿಡ್ ನಾಬ್ ಸೊನ್ನೆಗೆ ಇಳಿಸಿದಾಗ ನಿಮ್ಮ ಜಾಗವನ್ನು ನೀವೇ ಖಾಲಿ ಮಾಡಿ, ಬೇಸ್‌ನವನ ಜಾಗಕ್ಕೂ ಸಿಂಬಲ್‌ನ ಜಾಗಕ್ಕೂ ನುಗ್ಗುತ್ತೀರಿ. ಅಲ್ಲಿ ಅವರೇ ಜೋರು. ನಿಮ್ಮದು ಗುಂಪಿನಲ್ಲಿ ಗೋವಿಂದ.

ಎಂಬತ್ತರ ದಶಕದ ಥ್ರ್ಯಾಶ್ ಆಲ್ಬಮ್‌ಗಳಲ್ಲಿ ಮಿಡ್ ಇಲ್ಲದ ಸೌಂಡ್ ಇದೆಯಲ್ಲಾ ಅಂತ ನೀವು ಕೇಳಬಹುದು. ಇದೆ. ಆದರೆ ಅಲ್ಲಿ ಒಂದೇ ರಿಫ್ಫನ್ನು (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಎರಡು, ನಾಲ್ಕು ಸಲ ನುಡಿಸಿ ಎಡಕ್ಕೂ ಬಲಕ್ಕೂ ಹರಡಿರುತ್ತಾರೆ. ಆಮೇಲೆ ಮಿಕ್ಸಿಂಗ್‌ನಲ್ಲಿ ಬೇಸ್, ಡ್ರಮ್ಸ್ ಎಲ್ಲವನ್ನೂ ಗಿಟಾರ್‌ಗೆ ಜಾಗ ಬಿಟ್ಟು ಕೂರಿಸಿರುತ್ತಾರೆ. ಗೋದಾಮಿನಲ್ಲಿ ನಿಮಗೆ ಆ ಸೌಕರ್ಯ ಇಲ್ಲ.

ಈಗ ವ್ಯಾಟ್ ವಿಚಾರ. 100 ವ್ಯಾಟ್ ಆಂಪ್ 50 ವ್ಯಾಟ್‌ನದ್ದಕ್ಕಿಂತ ಎರಡು ಪಟ್ಟು ಜೋರಲ್ಲ. ಪವರ್ ಎರಡು ಪಟ್ಟಾದರೆ ಸೌಂಡ್ ಏರುವುದು 3 ಡೆಸಿಬಲ್, ಅಷ್ಟೇ. ಕೇಳಿದವರಿಗೆ ‘ಸ್ವಲ್ಪ ಜಾಸ್ತಿ ಆಯ್ತು’ ಅನಿಸುತ್ತದೆ. ಕಿವಿಗೆ ಎರಡು ಪಟ್ಟು ಜೋರು ಅನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ಪವರ್. ಇದಕ್ಕಿಂತ ಅಗ್ಗದ ದಾರಿ ಸ್ಪೀಕರ್. ಸೆಲೆಸ್ಟಿಯನ್ ವಿಂಟೇಜ್ 30 ಅನ್ನುವ 12 ಇಂಚಿನ ಸ್ಪೀಕರ್ ಹೆವಿ ಮ್ಯೂಸಿಕ್‌ನವರಿಗೆಲ್ಲ ಗೊತ್ತು. ಅದು ಒಂದೇ ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 100 ಡೆಸಿಬಲ್ ಕೊಡುತ್ತದೆ. ಚಿಕ್ಕ ಆಂಪ್‌ಗಳ ಪುಟಾಣಿ ಸ್ಪೀಕರ್ ಇದರ ಹತ್ತಿರಕ್ಕೂ ಬರುವುದಿಲ್ಲ. ಅದು ಸರಿಸಬಲ್ಲ ಗಾಳಿಯೇ ಕಮ್ಮಿ. ಹಾಗಾಗಿ ಲೆಕ್ಕ ಸುಲಭ: 12 ಇಂಚಿನ ಒಂದು ಸ್ಪೀಕರ್, ಟ್ರಾನ್ಸಿಸ್ಟರ್ ಆಂಪ್ ಆದರೆ 50 ವ್ಯಾಟ್ ಅಥವಾ ಅದಕ್ಕಿಂತ ಜಾಸ್ತಿ. ಕೈ ಜೋರಿರುವ ಡ್ರಮ್ಮರ್ ಇದ್ದರೂ ಪ್ರಾಕ್ಟೀಸ್‌ಗೆ ಅಷ್ಟು ಸಾಕು.

100 ವ್ಯಾಟ್‌ನ ಮೋಹಕ್ಕೂ ಒಂದು ಹಿನ್ನೆಲೆ ಇದೆ. ಲಂಡನ್ನಿನ ಜಿಮ್ ಮಾರ್ಷಲ್ 1962ರಲ್ಲಿ ಆಂಪ್ ಮಾಡಲು ಶುರು ಮಾಡಿದರು. ಅರವತ್ತರ ದಶಕದ ಮಧ್ಯದಲ್ಲಿ ದಿ ಹೂ ಬ್ಯಾಂಡ್‌ನವರು ಇನ್ನೂ ಜೋರು ಬೇಕು ಅಂದಾಗ 100 ವ್ಯಾಟ್‌ನ ಹೆಡ್ ಬಂತು. ಆಗಿನ ಸ್ಟೇಜ್‌ಗಳಲ್ಲಿ ಗಿಟಾರ್ ಆಂಪ್‌ಗೆ ಮೈಕ್ ಇಟ್ಟು ದೊಡ್ಡ ಸ್ಪೀಕರ್‌ಗೆ ಕೊಡುವ ಪದ್ಧತಿ ಇನ್ನೂ ಸರಿಯಾಗಿ ಇರಲಿಲ್ಲ. ಆಂಪ್ ತಾನೇ ಕೊನೇ ಸಾಲಿನವರೆಗೂ ತಲುಪಬೇಕಿತ್ತು. ಈಗ ಹಾಗಿಲ್ಲ. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಕೇಳಿದವರಿಗೆ ಕಿವಿಗೆ ಬಿದ್ದಿದ್ದು ಸ್ಟೇಜ್ ಪಕ್ಕದಲ್ಲಿ ತೂಗುಬಿಟ್ಟ ಸ್ಪೀಕರ್‌ಗಳ ಸೌಂಡ್, ಸ್ಟೇಜ್ ಮೇಲಿನ ಕ್ಯಾಬಿನೆಟ್‌ನದ್ದಲ್ಲ.

ಟ್ಯೂಬ್ ಇಲ್ಲದೆ ಮೆಟಲ್ ಸೌಂಡ್ ಬರಲ್ಲ ಅನ್ನುವವರ ಮಾತೂ ಪೂರ್ತಿ ನಿಜವಲ್ಲ. ಮಾರ್ಷಲ್ ಜೆಸಿಎಂ 800, ಪೀವಿ 5150, ಮೆಸಾ ಬೂಗಿಯ ಡ್ಯುಯಲ್ ರೆಕ್ಟಿಫೈಯರ್, ಇವೆಲ್ಲ ಟ್ಯೂಬ್ ಆಂಪ್‌ಗಳೇ, ಮತ್ತು ಹೆವಿ ಮ್ಯೂಸಿಕ್‌ನ ಸೌಂಡ್ ರೂಪಿಸಿದ್ದೂ ಅವೇ. ಆದರೆ ಪಾಂಟೆರಾದ ಡೈಮ್‌ಬ್ಯಾಗ್ ಡ್ಯಾರೆಲ್ ತಮ್ಮ ಹೆಸರುವಾಸಿ ಸೌಂಡ್ ತೆಗೆದಿದ್ದು ರ‍್ಯಾಂಡಲ್ ಕಂಪನಿಯ ಟ್ರಾನ್ಸಿಸ್ಟರ್ ಆಂಪ್‌ನಲ್ಲಿ. ಮೆಶುಗಾ ಬ್ಯಾಂಡ್‌ನವರು ಡಿಜಿಟಲ್ ಉಪಕರಣಗಳಲ್ಲೇ ವರ್ಷಗಟ್ಟಲೆ ನುಡಿಸಿದರು. ಚಕಚಕನೆ ನಿಲ್ಲುವ, ಗಟ್ಟಿ ಏಟಿನ ರಿಫ್‌ಗೆ ಟ್ರಾನ್ಸಿಸ್ಟರ್ ಆಂಪ್‌ನ ಬಿಗಿ ಅನುಕೂಲವೇ.

ನಿಮ್ಮೂರಿನ ಮಟ್ಟಿಗೆ ಟ್ಯೂಬ್ ಹೆಡ್ ಅಂದರೆ ಮೂಗಿಗಿಂತ ಮೂಗುತಿ ಭಾರ. ಹೆಡ್ ಒಂದನ್ನೇ ತಂದರೆ ಸೌಂಡ್ ಬರುವುದಿಲ್ಲ, ಸ್ಪೀಕರ್ ಕ್ಯಾಬಿನೆಟ್ ಬೇರೆ ಕೊಳ್ಳಬೇಕು. ಸ್ಪೀಕರ್ ಸಿಗಿಸದೆ ಟ್ಯೂಬ್ ಆಂಪ್ ಆನ್ ಮಾಡಿ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು. ಜೋರಾಗಿ ನುಡಿಸುವವರ ಪವರ್ ಟ್ಯೂಬ್‌ಗಳು ಸವೆಯುತ್ತವೆ. ಬಹಳಷ್ಟು ಹೆಡ್‌ಗಳಲ್ಲಿ ಹೊಸದು ಹಾಕಿದಾಗ ಬಯಸ್ (ಟ್ಯೂಬ್‌ನಲ್ಲಿ ಸದಾ ಹರಿಯುವ ಕರೆಂಟ್‌ನ ಮಟ್ಟ) ಕೂರಿಸಬೇಕು. ಆ ಕೆಲಸ ಬಲ್ಲವರಿಗಾಗಿ ಬೆಂಗಳೂರಿಗೇ ಹೊತ್ತೊಯ್ಯಬೇಕಾಗುತ್ತದೆ. ನೀವೇ ಬಿಚ್ಚಿ ನೋಡುತ್ತೇನೆ ಅನ್ನಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪ್ಯಾಸಿಟರ್‌ಗಳಲ್ಲಿ 400 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು, ಪ್ರಾಣಕ್ಕೇ ಸಂಚಕಾರ.

ಇದರ ಜೊತೆಗೆ ನಮ್ಮ ಮಲೆನಾಡಿನ ಕರೆಂಟ್. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಕಾಲದಲ್ಲಿ ಲೈನ್ ಮೇಲೆ ಮೋಟಾರ್‌ಗಳೆಲ್ಲ ಒಟ್ಟಿಗೆ ಓಡಿದರೆ ಬಲ್ಬ್ ಮಂಕಾಗುವುದನ್ನು ನೀವೇ ನೋಡಿರುತ್ತೀರಿ. 230 ವೋಲ್ಟ್ ಇರಬೇಕಾದ ಕಡೆ ವೋಲ್ಟೇಜ್ ತೀರಾ ಬಿದ್ದರೆ ಟ್ಯೂಬ್‌ನ ಹೀಟರ್ ಸರಿಯಾಗಿ ಕಾಯುವುದಿಲ್ಲ, ಸೌಂಡ್ ಸಪ್ಪೆಯಾಗಿ ತೂಕ ಕಳೆದುಕೊಳ್ಳುತ್ತದೆ. ಟ್ರಾನ್ಸಿಸ್ಟರ್ ಆಂಪ್‌ಗೂ ಒಂದು ಸ್ಟೆಬಿಲೈಜರ್ ಇದ್ದರೆ ಒಳ್ಳೆಯದೇ. ಹಳೇ ಮಾದರಿಯ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ನುಡಿಸಿದರೆ ಝುಂಯ್ ಅನ್ನುವ ಗಲಾಟೆ ಬರುತ್ತದೆ, ಅದು ಆಂಪ್‌ನ ದೋಷ ಅಂದುಕೊಂಡು ರಿಪೇರಿಗೆ ಕೊಡಬೇಡಿ. ವಿದೇಶದಿಂದ ಯಾರೋ ತಂದ ಆಂಪ್ ಆದರೆ ಹಿಂಭಾಗ ಓದಿ. ಅಮೆರಿಕದ್ದು 120 ವೋಲ್ಟ್, ಜಪಾನಿನದ್ದು 100. ನಮ್ಮ ಸಾಕೆಟ್‌ಗೆ ನೇರ ಸಿಗಿಸಿದರೆ ಕಥೆ ಮುಗಿಯಿತು.

ಅರ್ತಿಂಗ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಗೋದಾಮಿನ ಸಾಕೆಟ್‌ನಲ್ಲಿ ಮೂರನೇ ತೂತಿಗೆ ವೈರ್ ಇದೆಯೋ ಇಲ್ಲವೋ, ಒಬ್ಬ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗಿದ್ದರೆ ನೀರು ಹಾಕಿಸಿ. ಗಿಟಾರ್‌ನ ತಂತಿ ನಿಮ್ಮ ಕೈಯಲ್ಲಿ, ಹಾಡುವವನ ತುಟಿ ಮೈಕ್‌ಗೆ. ಎರಡರ ಅರ್ತ್ ಬೇರೆ ಬೇರೆಯಾದರೆ ತುಟಿಗೆ ಶಾಕ್ ಹೊಡೆಯುತ್ತದೆ. ಆಂಪ್, ಮೈಕ್‌ನ ಮಿಕ್ಸರ್ ಎರಡನ್ನೂ ಒಂದೇ ಬೋರ್ಡ್‌ನಿಂದ ಎಳೆಯಿರಿ. ಹಮ್ ಕಮ್ಮಿ ಆಗುತ್ತದೆ ಅಂತ ಯಾರಾದರೂ ಪ್ಲಗ್‌ನ ಅರ್ತ್ ಪಿನ್ ಕತ್ತರಿಸಲು ಹೇಳಿದರೆ ಅವರ ಮಾತು ಕೇಳಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕಿತ್ತಿಡಿ.

ಹಾಗಾದರೆ ಕೊಳ್ಳುವುದು ಯಾವುದನ್ನು? ನಿಮ್ಮ ಜಾಗದಲ್ಲಿ ನಾನಿದ್ದರೆ ಬಾಸ್ ಕಂಪನಿಯ ಕಟಾನಾ 50 ಆಂಪ್ ತಗೊಳ್ಳುತ್ತಿದ್ದೆ. 2016ರಲ್ಲಿ ಬಂದ ಸರಣಿ ಅದು. ಹೊಸದರ ಬೆಲೆ ಬಜೆಟ್ ಮೀರಿದರೆ ಹಿಂದಿನ ತಲೆಮಾರಿನ ಸೆಕೆಂಡ್ ಹ್ಯಾಂಡ್ ಹುಡುಕಿ. 12 ಇಂಚಿನ ಸ್ಪೀಕರ್ ಇದೆ. ಪವರ್ ಅನ್ನು 50, 25, ಅರ್ಧ ವ್ಯಾಟ್ ಅಂತ ಬದಲಿಸಬಹುದು, ಹಾಗಾಗಿ ರಾತ್ರಿ ಮನೆಯಲ್ಲೂ ನುಡಿಸಬಹುದು. ಹೆಡ್‌ಫೋನ್ ಜಾಕ್‌ನಿಂದ ಬರುವ ಸೌಂಡ್‌ಗೆ ಕ್ಯಾಬಿನೆಟ್‌ನ ಛಾಯೆ ಮೊದಲೇ ಸೇರಿರುತ್ತದೆ. ಇದರ ಉಪಯೋಗ ಆಮೇಲೆ ಹೇಳುತ್ತೇನೆ. ಪೀವಿ ಬ್ಯಾಂಡಿಟ್ ಎಲ್ಲಾದರೂ ಒಳ್ಳೇ ಸ್ಥಿತಿಯಲ್ಲಿ ಸಿಕ್ಕರೆ ಅದೂ ಗಟ್ಟಿಮುಟ್ಟು ಆಂಪ್, ಟ್ರಾನ್ಸಿಸ್ಟರ್, 12 ಇಂಚು. ಆರೆಂಜ್, ಲೇನಿ, ಮಾರ್ಷಲ್‌ನವರ 12 ಇಂಚಿನ ಟ್ರಾನ್ಸಿಸ್ಟರ್ ಕಾಂಬೋಗಳೂ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವವು) ನಡೆಯುತ್ತವೆ. ಬ್ರ್ಯಾಂಡ್‌ಗಿಂತ ಮುಖ್ಯವಾಗಿ ಎರಡು ವಿಷಯ ನೋಡಿ: ಮಿಡ್‌ಗೆ ಅಂತಲೇ ಬೇರೆ ನಾಬ್ ಇರಬೇಕು, ಹಿಂದೆ ಎಫೆಕ್ಟ್ಸ್ ಲೂಪ್ (ಡಿಸ್ಟಾರ್ಷನ್ ಆದ ಮೇಲೆ ಪೆಡಲ್ ಸೇರಿಸುವ ಜಾಕ್‌ಗಳು) ಇದ್ದರೆ ಅನುಕೂಲ. ಮಿಡ್ ನಾಬ್ ಇಲ್ಲದೆ ಬರೀ ಬೇಸ್, ಟ್ರೆಬಲ್ ಇರುವ ಆಂಪ್‌ಗೆ ದುಡ್ಡು ಹಾಕಬೇಡಿ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್ ತಗೊಂಡು ಹೋಗಿ. ‘ಆನ್ ಮಾಡಿ ಇಡಿ, ಬರ್ತೀನಿ’ ಅಂತ ಫೋನಿನಲ್ಲಿ ಹೇಳಬೇಡಿ. ತಣ್ಣಗಿರುವಾಗಲೇ ಆನ್ ಮಾಡಿಸಿ, ಅರ್ಧ ಗಂಟೆ ಬಿಡದೆ ನುಡಿಸಿ. ಕೆಲವು ದೋಷಗಳು ಬಿಸಿಯಾದ ಮೇಲೆಯೇ ತಲೆ ಎತ್ತುತ್ತವೆ. ಒಂದೊಂದೇ ನಾಬ್ ಪೂರ್ತಿ ತಿರುಗಿಸಿ. ಕರಕರ ಅಂದರೆ ಒಳಗೆ ಧೂಳು ಕೂತಿದೆ, ಕ್ಲೀನರ್ ಹೊಡೆದರೆ ಹೋಗುತ್ತದೆ, ಬೆಲೆ ಇಳಿಸಲು ಅದು ನೆಪ. ಕೇಬಲ್ ಸಿಗಿಸಿರುವ ಜಾಕ್ ಅಲ್ಲಾಡಿಸಿದಾಗ ಸೌಂಡ್ ಕಡಿದು ಹೋದರೆ ಅದಕ್ಕೂ ಅಷ್ಟೇ. ವಾಲ್ಯೂಮ್ ಏರಿಸಿ ತಗ್ಗಿನ ತಂತಿ ಬಡಿದಾಗ ಸ್ಪೀಕರ್‌ನಿಂದ ಟರ್ರ್ ಅಂತ ಕಾಗದ ಹರಿದ ಶಬ್ದ ಬಂದರೆ ಮಾತ್ರ ಎದ್ದು ಬನ್ನಿ. ನಮ್ಮ ಕಡೆಯ ಆಂಪ್ ಆದರೆ ಹಿಂಭಾಗಕ್ಕೆ ಟಾರ್ಚ್ ಬಿಟ್ಟು ನೋಡಿ. ಸ್ಕ್ರೂಗಳಿಗೆ ತುಕ್ಕು, ಸ್ಪೀಕರ್ ಕೋನ್ ಮೇಲೆ ಬೂದು ಬಣ್ಣದ ಬೂಷ್ಟು ಕಂಡರೆ ಮಳೆಗಾಲವನ್ನು ಎಲ್ಲೋ ಮೂಲೆಯಲ್ಲಿ ಕಳೆದಿದೆ ಅಂತ ಅರ್ಥ.

ಆಂಪ್ ಬಂತು ಅಂದುಕೊಳ್ಳಿ. ಸೌಂಡ್ ಕೂರಿಸುವ ಕೆಲಸವನ್ನು ರೂಮಿನಲ್ಲಿ ಒಬ್ಬರೇ ಮಾಡಬೇಡಿ. ಬೇಸ್‌ನವನೂ ಡ್ರಮ್ಮರೂ ನುಡಿಸುತ್ತಿರಲಿ, ಒಂದೇ ರಿಫ್ ಮತ್ತೆ ಮತ್ತೆ. ಆಂಪ್ ನೆಲದ ಮೇಲೆ ಬೇಡ, ಕುರ್ಚಿ ಮೇಲೆ ಇಡಿ, ಸ್ವಲ್ಪ ಹಿಂದಕ್ಕೆ ವಾಲಿಸಿ. 12 ಇಂಚಿನ ಸ್ಪೀಕರ್‌ನಿಂದ ಮೇಲಿನ ಸ್ವರಗಳು ಟಾರ್ಚ್ ಬೆಳಕಿನ ಹಾಗೆ ನೇರಕ್ಕೆ ಮಾತ್ರ ಹೋಗುತ್ತವೆ. ಆಂಪ್ ನಿಮ್ಮ ಮೊಣಕಾಲಿಗೆ ನುಡಿಸುತ್ತಿದ್ದರೆ ನಿಮಗೆ ಚೂಪು ಸಾಲದು ಅನಿಸುತ್ತದೆ, ಟ್ರೆಬಲ್ ಏರಿಸುತ್ತಾ ಹೋಗುತ್ತೀರಿ, ಎದುರಿಗೆ ಕೂತವನ ಕಿವಿ ಹರಿಯುತ್ತದೆ.

ಬೇಸ್, ಮಿಡ್, ಟ್ರೆಬಲ್ ಮೂರನ್ನೂ ನಡುಮಧ್ಯಕ್ಕೆ ತನ್ನಿ. ಗೇನ್ (ಡಿಸ್ಟಾರ್ಷನ್ ಎಷ್ಟು ಬೇಕು ಅನ್ನುವ ನಾಬ್) ಕಾಲು ಭಾಗಕ್ಕೆ ಇಳಿಸಿ. ಹೌದು, ಕಾಲು ಭಾಗ. ಮೊದಲು ವಾಲ್ಯೂಮ್ ಅನ್ನು ಡ್ರಮ್ಸ್ ಮಟ್ಟಕ್ಕೆ ಏರಿಸಿ, ಆಮೇಲೆ ಉಳಿದದ್ದು. ವಾಲ್ಯೂಮ್ ಬದಲಾದರೆ ಕಿವಿಯ ಲೆಕ್ಕವೇ ಬದಲಾಗುತ್ತದೆ ಅಂತ ಆಗಲೇ ಹೇಳಿದೆನಲ್ಲ, ಅದಕ್ಕೆ ಈ ಕ್ರಮ.

ಈಗ ಅಂಗೈಯ ಅಂಚನ್ನು ಬ್ರಿಡ್ಜ್ (ಗಿಟಾರ್ ಮೈ ಮೇಲೆ ತಂತಿಗಳು ಕೂರುವ ಪಟ್ಟಿ) ಹತ್ತಿರ ತಂತಿಯ ಮೇಲೆ ಒರಗಿಸಿ, ದಪ್ಪ ತಂತಿಯನ್ನು ಪಾಮ್ ಮ್ಯೂಟ್‌ನಲ್ಲಿ ನುಡಿಸಿ. ಜಗ್-ಜಗ್-ಜಗ್, ತಟ್ಟನೆ ನಿಲ್ಲಿಸಿ. ಪ್ರತಿ ಏಟು ಬಿಡಿಬಿಡಿಯಾಗಿ ಕೇಳುತ್ತಿದೆಯಾ? ನಿಲ್ಲಿಸಿದಾಗ ಸೌಂಡ್ ಕತ್ತರಿಸಿದ ಹಾಗೆ ನಿಂತಿತಾ, ಅಥವಾ ಬುಸ್ ಅಂತ ಎಳೆಯಿತಾ? ಗೇನ್ ಅನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗಿ. ಒಂದು ಹಂತದಲ್ಲಿ ಏಟುಗಳು ಒಂದಕ್ಕೊಂದು ಅಂಟಿಕೊಂಡು ಗೊರಗೊರ ಅನ್ನಲು ಶುರುವಾಗುತ್ತವೆ. ಅಲ್ಲಿಂದ ಸ್ವಲ್ಪ ಹಿಂದಕ್ಕೆ ಬನ್ನಿ. ನಿಮ್ಮ ಗೇನ್ ಅಲ್ಲೇ ಇರಲಿ. ಒಬ್ಬರೇ ನುಡಿಸಿದಾಗ ಇದು ಕಮ್ಮಿ ಅನಿಸುತ್ತದೆ, ಬಲಗೈ ಸ್ವಲ್ಪ ಜೋರು ಮಾಡಬೇಕಾಗುತ್ತದೆ. ಮಾಡಿ. ಗೇನ್ ಜಾಸ್ತಿಯಾದಷ್ಟೂ ಮೆಲ್ಲಗೆ ಹೊಡೆದದ್ದೂ ಜೋರಾಗಿ ಹೊಡೆದದ್ದೂ ಒಂದೇ ಮಟ್ಟಕ್ಕೆ ಬರುತ್ತವೆ, ಏಟಿನ ಪೆಟ್ಟೇ ಇಲ್ಲವಾಗುತ್ತದೆ. ಹೆವಿ ಅನಿಸುವುದು ಆ ಪೆಟ್ಟಿನಿಂದ.

ಮಿಡ್ ಅನ್ನು ಮಧ್ಯದಿಂದ ಮೇಲಕ್ಕೆ ತಿರುಗಿಸಿ. ಒಂದು ಜಾಗದಲ್ಲಿ ನಿಮ್ಮ ಗಿಟಾರ್ ಬ್ಯಾಂಡ್‌ನ ಮಧ್ಯದಿಂದ ಎದ್ದು ಬರುತ್ತದೆ. ವಾಲ್ಯೂಮ್ ಮುಟ್ಟದಿದ್ದರೂ ಜೋರಾದ ಹಾಗೆ ಅನಿಸುತ್ತದೆ. ಇನ್ನೂ ಏರಿಸಿದರೆ ಮೂಗಿನಲ್ಲಿ ಮಾತಾಡಿದ ಹಾಗಾಗುತ್ತದೆ, ಆಗ ನಿಲ್ಲಿಸಿ. ಬೇಸ್ ನಾಬ್ ಮುಟ್ಟುವ ಮೊದಲು ಬೇಸ್ ಗಿಟಾರ್‌ನವನನ್ನು ಒಮ್ಮೆ ನಿಲ್ಲಿಸಿ, ಮತ್ತೆ ಶುರು ಮಾಡಿಸಿ. ಅವನು ಸೇರಿದ ತಕ್ಷಣ ಎಲ್ಲ ಕೆಸರಾಗುತ್ತಿದ್ದರೆ ನಿಮ್ಮ ಬೇಸ್ ಇಳಿಸಿ, ಅವನದ್ದಲ್ಲ. ನಿಮ್ಮ ಗಿಟಾರ್‌ನ ತೂಕದಲ್ಲಿ ಅರ್ಧದಷ್ಟು ಬರುವುದು ಅವನಿಂದಲೇ. ಟ್ರೆಬಲ್ ಮತ್ತು ಪ್ರೆಸೆನ್ಸ್ (ತೀರಾ ಮೇಲಿನ ಚೂಪಿನ ನಾಬ್) ಕೊನೆಯಲ್ಲಿ, ಅದೂ ಆಂಪ್‌ನ ನೇರಕ್ಕೆ ನಿಂತು.

ಇಷ್ಟೆಲ್ಲ ಮಾಡಿದ ಮೇಲೂ ಪಾಮ್ ಮ್ಯೂಟ್ ಮೆತ್ತಗೆ ಅನಿಸಿದರೆ ಒಂದು ಹಳೇ ಉಪಾಯ ಇದೆ. ಇದನ್ನು ಅರ್ಥ ಮಾಡಿಕೊಂಡರೆ ಹೆವಿ ಸೌಂಡ್‌ನ ಅರ್ಧ ಗುಟ್ಟು ಗೊತ್ತಾದ ಹಾಗೆ. ತಗ್ಗಿನ ಸ್ವರಗಳಿಗೆ ಅಲೆಯ ಎತ್ತರ ಜಾಸ್ತಿ. ಆಂಪ್‌ನ ಗೇನ್ ಹಂತದಲ್ಲಿ ಮೊದಲು ಒಡೆಯುವುದು ಅವೇ, ಒಡೆದಾಗ ಮೇಲಿನ ಸ್ವರಗಳನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತವೆ. ಅದೇ ಕೆಸರು. ಡಿಸ್ಟಾರ್ಷನ್‌ಗೆ ಮೊದಲೇ ಬೇಸ್ ಕಡಿಮೆ ಮಾಡಿ, ಡಿಸ್ಟಾರ್ಷನ್ ಆದ ಮೇಲೆ ಬೇಕಾದಷ್ಟು ಸೇರಿಸಿದರೆ ಬಿಗಿಯೂ ಇರುತ್ತದೆ, ತೂಕವೂ ಇರುತ್ತದೆ. ಬಹಳಷ್ಟು ಹೈ ಗೇನ್ ಆಂಪ್‌ಗಳಲ್ಲಿ ಬೇಸ್ ನಾಬ್ ಕೆಲಸ ಮಾಡುವುದು ಡಿಸ್ಟಾರ್ಷನ್ ಆದ ಮೇಲೆ. ಮೊದಲು ಕಡಿಮೆ ಮಾಡಲು ಮುಂದೆ ಒಂದು ಓವರ್‌ಡ್ರೈವ್ ಪೆಡಲ್ ಬೇಕು. ಐಬನೆಜ್ ಟ್ಯೂಬ್ ಸ್ಕ್ರೀಮರ್ ಮಾದರಿಯ ಯಾವುದಾದರೂ ಆದೀತು, ಅಗ್ಗದ ನಕಲು ಕೂಡ. ಅದರ ಸರ್ಕ್ಯೂಟ್ 720 ಹರ್ಟ್ಜ್‌ಗಿಂತ ಕೆಳಗಿನದ್ದಕ್ಕೆ ಕಮ್ಮಿ ಬಲ ಕೊಡುತ್ತದೆ, ಮಧ್ಯದ್ದನ್ನು ಉಬ್ಬಿಸುತ್ತದೆ. ಡ್ರೈವ್ ಸೊನ್ನೆ, ಟೋನ್ ಅರ್ಧ, ಲೆವೆಲ್ ಪೂರ್ತಿ. ಆಂಪ್‌ನ ಗೇನ್ ಇನ್ನೊಂದು ಗೆರೆ ಇಳಿಸಿ. ಈಗ ಅದೇ ಜಗ್-ಜಗ್ ನುಡಿಸಿ ನೋಡಿ, ಪೆಡಲ್ ಒಮ್ಮೆ ಆನ್, ಒಮ್ಮೆ ಆಫ್. ಬ್ಲ್ಯಾಕ್ ಸ್ಯಾಬತ್‌ನ ಟೋನಿ ಅಯೋಮಿ ಲೇನಿ ಆಂಪ್‌ನ ಮುಂದೆ ರೇಂಜ್‌ಮಾಸ್ಟರ್ ಅನ್ನುವ ಟ್ರೆಬಲ್ ಬೂಸ್ಟರ್ ಇಟ್ಟಿದ್ದರು. ಹೆವಿ ಮೆಟಲ್ ಹುಟ್ಟಿದಾಗಿನಿಂದಲೂ ಆಂಪ್‌ಗೆ ಹೋಗುವ ಮೊದಲು ತಳ ಕಡಿಮೆ ಮಾಡುವ ರೂಢಿ ಇದೆ ಅನ್ನಿ.

ನಿಮ್ಮ ಹತ್ತಿರ ಈಗಿರುವ ಡಿಸ್ಟಾರ್ಷನ್ ಪೆಡಲ್ ಅನ್ನು ಆಂಪ್‌ನ ಕ್ಲೀನ್ ಚಾನೆಲ್‌ಗೆ ಮಾತ್ರ ಕೊಡಿ. ಡಿಸ್ಟಾರ್ಷನ್ ಚಾನೆಲ್‌ನ ಮುಂದೆ ಇನ್ನೊಂದು ಡಿಸ್ಟಾರ್ಷನ್ ಇಟ್ಟರೆ ಬರೀ ಗಲಾಟೆ. ಇದಕ್ಕೂ ಒಂದು ಅಪವಾದ ಇದೆ. 1983ರಲ್ಲಿ ಬಂದ ಬಾಸ್ ಎಚ್‌ಎಂ-2 ಪೆಡಲ್‌ನ ಎಲ್ಲ ನಾಬ್‌ಗಳನ್ನೂ ಪೂರ್ತಿ ಏರಿಸಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನ ಡೆತ್ ಮೆಟಲ್ ಹುಡುಗರು ಒಂದು ಹೊಸ ಸೌಂಡನ್ನೇ ಹುಟ್ಟಿಸಿದರು. ಅದೊಂದು ಗರಗಸದ ಸೌಂಡ್. ಅಲ್ಲೂ ಗಮನಿಸಿ, ಆ ಪೆಡಲ್ ಪೂರ್ತಿ ಏರಿಸಿದಾಗ ಉಬ್ಬುವುದು 1,000 ಹರ್ಟ್ಜ್ ಆಸುಪಾಸಿನ ಮಿಡ್‌ಗಳೇ. ನಿಮ್ಮ ಡೆತ್ ಮೆಟಲ್ ಆ ಕಡೆಯದ್ದಾದರೆ ಅದನ್ನು ಪ್ರಯತ್ನಿಸಿ. ಥ್ರ್ಯಾಶ್‌ಗೆ ಆ ಪೆಡಲ್ ಬೇಡ, ಟ್ಯೂಬ್ ಸ್ಕ್ರೀಮರ್ ಉಪಾಯವೇ ಸರಿ. ನಾಯ್ಸ್ ಗೇಟ್ (ನುಡಿಸದಿದ್ದಾಗ ಬರುವ ಗಲಾಟೆ ತಡೆಯುವ ಪೆಡಲ್) ಆಮೇಲೆ ತಗೊಂಡರಾಯಿತು. ಗೇನ್ ಇಳಿಸಿದರೆ ಅದರ ಅಗತ್ಯ ಅರ್ಧ ಕಮ್ಮಿಯಾಗುತ್ತದೆ.

ಗೋದಾಮಿನ ಬಗ್ಗೆ. ಶೀಟಿನ ಛಾವಣಿ, ಸಿಮೆಂಟ್ ನೆಲ, ಬೋಳು ಗೋಡೆ ಅಲ್ವಾ? ಅಲ್ಲಿ ಎಂಥ ಆಂಪ್ ಇಟ್ಟರೂ ಕಿವಿ ಗುಂಯ್ ಅನ್ನುತ್ತದೆ. ನಿಮಗೆ ಒಂದು ಅನುಕೂಲ ಇದೆ, ತುಂಬಿದ ಕಾಫಿ ಚೀಲಗಳು. ಚೀಲದ ಅಟ್ಟಿ ಇರುವ ಗೋಡೆಯ ಕಡೆಗೆ ಮುಖ ಮಾಡಿ ಆಂಪ್ ಇಡಿ, ಡ್ರಮ್ಸ್ ಕೂಡ ಅಟ್ಟಿಯ ಹತ್ತಿರ ಇರಲಿ. ಗಟ್ಟಿಯಾಗಿ ಪೇರಿಸಿದ ಚೀಲ ಸೌಂಡನ್ನು ಚೆನ್ನಾಗಿ ನುಂಗುತ್ತದೆ. ಖಾಲಿ ಚೀಲ ಗೋಡೆಗೆ ನೇತು ಹಾಕಿದರೆ ಮೇಲಿನ ಚರಚರ ಸ್ವಲ್ಪ ಕಮ್ಮಿಯಾಗುತ್ತದೆ, ತಗ್ಗಿನ ಗುಮ್ಮು ಹೋಗುವುದಿಲ್ಲ. ಮೂಲೆಯಲ್ಲಿ ಆಂಪ್ ಇಡಬೇಡಿ, ಗುಮ್ಮು ಜಾಸ್ತಿಯಾಗುತ್ತದೆ. ಪ್ರಾಕ್ಟೀಸ್ ಮುಗಿದ ಮೇಲೆ ಆಂಪ್ ಗೋದಾಮಿನಲ್ಲೇ ಬಿಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೆ, ಗೋಡೆಯಿಂದ ಒಂದಡಿ ದೂರ, ಮಣೆಯ ಮೇಲೆ. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರುತ್ತದೆ, ಹತ್ತಿ ಬಟ್ಟೆ ಸಾಕು. ವಾರಕ್ಕೆ ಒಂದೆರಡು ಸಲ ಅರ್ಧ ಗಂಟೆ ಆನ್ ಮಾಡಿದರೆ ಒಳಗಿನ ತೇವ ಆರುತ್ತದೆ. ಇನ್ನು ಕಿವಿ: ಆ ಗೋದಾಮಿನಲ್ಲಿ ಡ್ರಮ್ಸ್ ಒಂದೇ 100 ಡೆಸಿಬಲ್ ದಾಟುತ್ತದೆ. ನಾಲ್ಕೂ ಜನ ಇಯರ್‌ಪ್ಲಗ್ ಹಾಕಿಕೊಳ್ಳಿ.

ಕಾಲೇಜ್ ಫೆಸ್ಟ್, ಗಣಪತಿ ಪೆಂಡಾಲ್ ಅಂತ ಕರೆ ಬಂದಾಗ ಬೇರೆಯೇ ಪರಿಸ್ಥಿತಿ. ನಮ್ಮ ಕಡೆಯ ಸೌಂಡ್‌ನವರಿಗೆ ಆರ್ಕೆಸ್ಟ್ರಾ ಮಾಡಿ ಅಭ್ಯಾಸ. ಗಿಟಾರ್ ಕೇಬಲ್ ನೋಡಿದ ತಕ್ಷಣ ನೇರ ಮಿಕ್ಸರ್‌ಗೆ ಸಿಗಿಸುತ್ತಾರೆ. ಕ್ಲೀನ್ ಸೌಂಡ್ ಆದರೆ ಹೇಗೋ ನಡೆಯುತ್ತದೆ. ಡಿಸ್ಟಾರ್ಷನ್ ಪೆಡಲ್ ಹಾಗೆ ಕೊಟ್ಟರೆ ಕೇಳಲಾಗದ ಕಿರ್ರ್ ಬರುತ್ತದೆ. ಗಿಟಾರ್ ಸ್ಪೀಕರ್ ಸುಮಾರು 5 ಸಾವಿರ ಹರ್ಟ್ಜ್ ಮೇಲಿನದ್ದನ್ನು ತಾನೇ ನುಂಗಿಬಿಡುತ್ತದೆ, ಸ್ಟೇಜ್ ಸ್ಪೀಕರ್ ಎಲ್ಲವನ್ನೂ ಹೊರಗೆ ಬಿಡುತ್ತದೆ. ನಿಮ್ಮ ಆಂಪ್‌ಗೆ ಒಂದು ಮೈಕ್ ಇಡಿ ಅಂತ ಸೌಂಡ್ ಚೆಕ್‌ಗೆ ಮೊದಲೇ ಕೇಳಿಕೊಳ್ಳಿ. ಶೂರ್ ಎಸ್‌ಎಂ57 ಇದ್ದರೆ ಸರಿ, ಇಲ್ಲದಿದ್ದರೆ ಹಾಡುವ ಮೈಕ್ ಕೂಡ ನಡೆಯುತ್ತದೆ. ಸ್ಪೀಕರ್‌ನ ನಟ್ಟನಡುವಿನ ಗುಂಡಗಿನ ಟೊಪ್ಪಿ ಮುಗಿದು ಕೋನ್ ಶುರುವಾಗುವ ಅಂಚಿಗೆ ಮೈಕ್ ಗುರಿ ಇಡಿ, ಬಟ್ಟೆಯಿಂದ ಒಂದೆರಡು ಇಂಚು ದೂರ. ನಡುವಿಗೆ ಸರಿಸಿದರೆ ಚೂಪು, ಹೊರಗೆ ಸರಿಸಿದರೆ ಮೆತ್ತಗೆ. ಮೈಕ್ ಇಲ್ಲವೇ ಇಲ್ಲ ಅಂದರೆ ಆಗಲೇ ಹೇಳಿದ ಕಟಾನಾದ ಹೆಡ್‌ಫೋನ್ ಜಾಕ್‌ನಿಂದ ಲೈನ್ ಕೊಡಿ. ಅದನ್ನು ಸಿಗಿಸಿದರೆ ಆಂಪ್‌ನ ಸ್ಪೀಕರ್ ನಿಲ್ಲುತ್ತದೆ, ಹಾಗಾಗಿ ಮಾನಿಟರ್‌ನಲ್ಲಿ (ನಿಮ್ಮ ಕಡೆಗೆ ತಿರುಗಿಸಿಟ್ಟ ಸ್ಪೀಕರ್) ನಿಮ್ಮ ಗಿಟಾರ್ ಬೇಕು ಅಂತ ಹೇಳಿಡಿ. 100 ಹರ್ಟ್ಜ್ ಕೆಳಗಿನದ್ದನ್ನು ಕಟ್ ಮಾಡಿಸಿದರೆ ದೊಡ್ಡ ಸಬ್ ಬಾಕ್ಸ್‌ಗಳಲ್ಲಿ ನಿಮ್ಮ ಪಾಮ್ ಮ್ಯೂಟ್ ಗುಮ್ಮುವುದಿಲ್ಲ. ಜನರೇಟರ್ ಮೇಲೆ ಸ್ಟೇಜ್ ಓಡುತ್ತಿದ್ದರೆ ಸ್ಟೆಬಿಲೈಜರ್ ಜೊತೆಗೇ ಒಯ್ಯಿರಿ. ಬಯಲು ಕಾರ್ಯಕ್ರಮ ಆದರೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು ಅನ್ನುವ ನಿಯಮ ಇದೆ, ಹಾಗಾಗಿ ಪಟ್ಟಿಯಲ್ಲಿ ಕೊನೆಯ ತಂಡ ಆಗಬೇಡಿ.

ನೀವು ಯಾವ ಟ್ಯೂನಿಂಗ್‌ನಲ್ಲಿ ನುಡಿಸುತ್ತೀರಿ ಅಂತ ಬರೆದಿಲ್ಲ. ಡ್ರಾಪ್ ಸಿ ಅಥವಾ ಅದಕ್ಕಿಂತ ಕೆಳಗೆ ಇಳಿಸಿದ್ದರೆ ಆಂಪ್‌ಗೂ ಮೊದಲು ತಂತಿ ಬದಲಿಸಿ. ಡ್ರಾಪ್ ಸಿ ಅಂದರೆ ದಪ್ಪ ತಂತಿ 65 ಹರ್ಟ್ಜ್. ಅಂಗಡಿಯಿಂದ ಬಂದ 9 ಅಥವಾ 10ರ ಸೆಟ್ (ತೆಳು ತಂತಿಯ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ಅಷ್ಟು ಇಳಿಸಿದಾಗ ಜೋತು ಬೀಳುತ್ತದೆ, ಜೋರಾಗಿ ಹೊಡೆದ ಕೂಡಲೇ ಸ್ವರ ಮೇಲಕ್ಕೆ ಜಾರಿ ಆಮೇಲೆ ಕೂರುತ್ತದೆ. ಬೇಸ್‌ನವನ ಜೊತೆ ಸೇರಿದಾಗ ಇಬ್ಬರಲ್ಲಿ ಒಬ್ಬರು ಅಪಸ್ವರ ಅನಿಸುವುದು ಇದರಿಂದಲೇ. 11ರಿಂದ 54 ಅಥವಾ 12ರಿಂದ 56ರ ಸೆಟ್ ಹಾಕಿಸಿ. ದಪ್ಪ ತಂತಿ ನಟ್‌ನ (ಕತ್ತಿನ ತುದಿಯ ಪಟ್ಟಿ) ಗೀರಿನಲ್ಲಿ ಸರಿಯಾಗಿ ಕೂರದಿದ್ದರೆ ಗೀರು ಸ್ವಲ್ಪ ಅಗಲ ಮಾಡಿಸಬೇಕು, ಕತ್ತಿನ ಬಾಗು ಸರಿಪಡಿಸುವ ಟ್ರಸ್ ರಾಡ್ ನೋಡಿಸಬೇಕು, ಕತ್ತಿನುದ್ದಕ್ಕೂ ಸ್ವರ ಸರಿ ಬರುವಂತೆ ಬ್ರಿಡ್ಜ್‌ನಲ್ಲಿ ಇಂಟೊನೇಷನ್ ಮತ್ತೆ ಕೂರಿಸಬೇಕು. ಗಿಟಾರ್ ಸೆಟಪ್ ಬಲ್ಲವರಿಗೆ ಒಂದು ಸಂಜೆಯ ಕೆಲಸ. ಬಜೆಟ್‌ನಲ್ಲಿ ಇದಕ್ಕೂ ಒಂದು ಒಳ್ಳೇ ಕೇಬಲ್‌ಗೂ ಸ್ವಲ್ಪ ದುಡ್ಡು ಎತ್ತಿಟ್ಟು, ಉಳಿದದ್ದರಲ್ಲಿ ಆಂಪ್ ಹುಡುಕಲು ಹೊರಡಿ.